ಹಾಡು ಕದಲುವುದಿಲ್ಲ, ಪರಿವಿಡಿ ಕದಲುತ್ತದೆ

ಟೇಪ್‌ರೆಕಾರ್ಡರಿನಲ್ಲಿ ಶಾಲೆಯ ವಾರ್ಷಿಕೋತ್ಸವವನ್ನು ಮುದ್ರಿಸಿಕೊಂಡವರಿಗೆ ಈ ಕಷ್ಟ ಗೊತ್ತಿರುತ್ತದೆ. ಕ್ಯಾಸೆಟ್ಟಿನಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ ಭಾಷಣ, ನಂತರ ಅಧ್ಯಕ್ಷರ ಮಾತು, ಕಟ್ಟಕಡೆಗೆ ಮಕ್ಕಳ ನಾಟಕ. ನಾಟಕವನ್ನೇ ಮೊದಲು ಕೇಳಬೇಕೆಂದರೆ ಟೇಪನ್ನು ಮುಂದಕ್ಕೆ ಓಡಿಸುತ್ತ, ನಡುನಡುವೆ ನಿಲ್ಲಿಸಿ ಕೇಳುತ್ತ, ದಾಟಿ ಹೋದರೆ ಮತ್ತೆ ಹಿಂದಕ್ಕೆ ಬರುತ್ತ ಹುಡುಕಬೇಕು. ನಾಟಕವನ್ನು ಶಾಶ್ವತವಾಗಿ ಮೊದಲಿಗೆ ತರಬೇಕೆಂದರೆ ಇನ್ನೊಂದು ಟೇಪ್‌ರೆಕಾರ್ಡರ್, ಇನ್ನೊಂದು ಕ್ಯಾಸೆಟ್, ಜೊತೆಗೆ ಪೂರಾ ಒಂದು ಗಂಟೆ ಸಮಯ ಬೇಕು.

1992ರ ನವೆಂಬರಿನಲ್ಲಿ ಜಪಾನಿನ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಮಿನಿಡಿಸ್ಕ್ ಎಂಬ ಡಿಜಿಟಲ್ ಧ್ವನಿಮುದ್ರಣ ಸಾಧನದಲ್ಲಿ ಇದೇ ಕೆಲಸಕ್ಕೆ ಕೆಲವೇ ಸೆಕೆಂಡು ಸಾಕು. ನಾಲ್ಕನೆಯ ಟ್ರ್ಯಾಕನ್ನು ಆರಿಸಿ, ‘ಸರಿಸು’ ಎಂಬ ಆಜ್ಞೆ ಕೊಟ್ಟು, 1 ಎಂಬ ಸಂಖ್ಯೆಗೆ ಗುಂಡಿ ತಿರುಗಿಸಿ ಒತ್ತಿದರೆ ಮುಗಿಯಿತು. ಅರ್ಧ ಗಂಟೆಯ ನಾಟಕ ಮೊದಲ ಸ್ಥಾನಕ್ಕೆ ಬಂದಿರುತ್ತದೆ. ಇಲ್ಲಿ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯೊಂದಿದೆ. ಅರ್ಧ ಗಂಟೆಯ ಧ್ವನಿಯನ್ನು ತಟ್ಟೆಯ ಒಂದು ಕಡೆಯಿಂದ ಓದಿ ಇನ್ನೊಂದು ಕಡೆ ಬರೆಯಲು ಆ ಪುಟ್ಟ ಯಂತ್ರಕ್ಕೆ ಹಲವು ನಿಮಿಷಗಳಾದರೂ ಬೇಕಲ್ಲವೇ? ಹಾಗಾದರೆ ಆ ಕೆಲವು ಸೆಕೆಂಡಿನಲ್ಲಿ ಸರಿದದ್ದಾದರೂ ಏನು?

ಧ್ವನಿಯಂತೂ ಸರಿದಿಲ್ಲ. ಅದು ಮುದ್ರಣವಾದ ಜಾಗದಲ್ಲೇ ಇದೆ. ಬದಲಾದದ್ದು ಡಿಸ್ಕಿನ ಪರಿವಿಡಿಯಲ್ಲಿರುವ ಕೆಲವು ಬೈಟುಗಳು ಮಾತ್ರ. ಈ ಒಂದು ಸಂಗತಿ ಅರ್ಥವಾದರೆ ಮಿನಿಡಿಸ್ಕಿನ ಎಲ್ಲ ಸಂಪಾದನಾ ಕೌಶಲಗಳೂ ಅರ್ಥವಾಗುತ್ತವೆ. ಅದರ ಅಪಾಯಗಳೂ ಅರ್ಥವಾಗುತ್ತವೆ. ಇಂದಿನ ಪೆನ್‌ಡ್ರೈವ್, ಮೊಬೈಲ್ ಫೋನುಗಳಲ್ಲಿ ನಡೆಯುವುದೂ ಬಹುಪಾಲು ಇದೇ. ಆದರೆ ಅವುಗಳಲ್ಲಿ ಈ ವ್ಯವಹಾರವೆಲ್ಲ ತೆರೆಯ ಹಿಂದೆ ನಡೆದುಹೋಗುತ್ತದೆ. ಮಿನಿಡಿಸ್ಕಿನಲ್ಲಿ ಅದು ಕಣ್ಣಿಗೆ ಕಾಣುವಷ್ಟು ಸರಳವಾಗಿದೆ. ಪಾಠ ಹೇಳಲು ಇದು ಅನುಕೂಲ.

ಬೆಳಕು ಮತ್ತು ಕಾಂತದ ಜಂಟಿ ಬರವಣಿಗೆ

ಮಿನಿಡಿಸ್ಕಿನ ತಟ್ಟೆಯ ವ್ಯಾಸ 64 ಮಿ.ಮೀ. ಅದನ್ನು 72 ಮಿ.ಮೀ. ಉದ್ದ, 68 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಿರುತ್ತಾರೆ. ಅಂಗಿಯ ಜೇಬಿನಲ್ಲಿ ನಾಲ್ಕೈದು ಡಿಸ್ಕುಗಳನ್ನು ಇಟ್ಟುಕೊಳ್ಳಬಹುದು. ಮುದ್ರಿಸಬಲ್ಲ ಡಿಸ್ಕಿನಲ್ಲಿ ಟರ್ಬಿಯಮ್, ಕಬ್ಬಿಣ ಮತ್ತು ಕೋಬಾಲ್ಟ್‌ಗಳ ಮಿಶ್ರಲೋಹದ ತೆಳುವಾದ ಪದರವಿದೆ. ಕೋಣೆಯ ಉಷ್ಣತೆಯಲ್ಲಿ ಈ ಪದರದ ಕಾಂತತ್ವ ಸುಲಭವಾಗಿ ಬದಲಾಗದು. ಪಕ್ಕದಲ್ಲಿ ಸಾಮಾನ್ಯ ಅಯಸ್ಕಾಂತವಿಟ್ಟರೂ ಕ್ಯಾಸೆಟ್ಟಿಗೆ ಆಗುವಂಥ ಹಾನಿ ಇದಕ್ಕೆ ಆಗುವುದಿಲ್ಲ. ಆದರೆ ಲೇಸರ್ ಕಿರಣವನ್ನು ಒಂದು ಬಿಂದುವಿನ ಮೇಲೆ ಕೇಂದ್ರೀಕರಿಸಿ ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಆ ಬಿಂದು ತನ್ನ ಕಾಂತತ್ವವನ್ನು ಕಳೆದುಕೊಳ್ಳುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಬರುವ ಕ್ಯೂರಿ ತಾಪ ಇದೇ. ತಟ್ಟೆಯ ಮತ್ತೊಂದು ಬದಿಯಲ್ಲಿ ಒಂದು ಪುಟ್ಟ ವಿದ್ಯುತ್ಕಾಂತವಿರುತ್ತದೆ. ಬಿಂದು ತಣ್ಣಗಾಗುವ ಕ್ಷಣದಲ್ಲಿ ಆ ಕಾಂತಕ್ಷೇತ್ರ ಯಾವ ದಿಕ್ಕಿನಲ್ಲಿದೆಯೋ ಅದೇ ದಿಕ್ಕು ಬಿಂದುವಿನಲ್ಲಿ ಉಳಿದುಬಿಡುತ್ತದೆ. ಒಂದು ದಿಕ್ಕು ಸೊನ್ನೆ, ಇನ್ನೊಂದು ದಿಕ್ಕು ಒಂದು.

ಓದುವಾಗ ಅದೇ ಲೇಸರನ್ನು ಕಡಿಮೆ ಶಕ್ತಿಯಲ್ಲಿ ಬಳಸುತ್ತಾರೆ. ಕಾಂತೀಯ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕಿನ ಧ್ರುವೀಕರಣದ ತಲ ಅತಿ ಸ್ವಲ್ಪ ತಿರುಗುತ್ತದೆ. ಎಡಕ್ಕೋ ಬಲಕ್ಕೋ ಎಂಬುದು ಕಾಂತದ ದಿಕ್ಕನ್ನು ಅವಲಂಬಿಸಿದೆ. ಸ್ಕಾಟ್ಲೆಂಡಿನ ಜಾನ್ ಕೆರ್ 1870ರ ದಶಕದಲ್ಲಿ ಗುರುತಿಸಿದ ಪರಿಣಾಮವಿದು. ನೂರು ವರ್ಷಗಳಿಗೂ ಹೆಚ್ಚು ಕಾಲ ಪ್ರಯೋಗಾಲಯದ ಕುತೂಹಲವಾಗಿದ್ದದ್ದು ಹೀಗೆ ಜೇಬಿಗಿಳಿದು ಹಾಡಿತು.

ಇಷ್ಟು ಚಿಕ್ಕ ತಟ್ಟೆಯಲ್ಲಿ 74 ನಿಮಿಷಗಳ ಸ್ಟೀರಿಯೋ ಧ್ವನಿ ಹಿಡಿಸಲು ದತ್ತಾಂಶವನ್ನು ಕುಗ್ಗಿಸಬೇಕಾಗುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್‌ಗಳಿದ್ದರೆ ಮಿನಿಡಿಸ್ಕಿನಲ್ಲಿ 2 ಲಕ್ಷ 92 ಸಾವಿರ ಮಾತ್ರ. ಗಟ್ಟಿಯಾದ ಸ್ವರದ ಮಗ್ಗುಲಲ್ಲಿರುವ ಮೆಲ್ಲನೆಯ ಸ್ವರ ನಮ್ಮ ಕಿವಿಗೆ ಕೇಳಿಸದು ಎಂಬ ತತ್ವವನ್ನು ಆಧರಿಸಿ, ಕೇಳದ್ದನ್ನು ಬಿಟ್ಟು ಕೇಳುವುದನ್ನಷ್ಟೇ ಬರೆದುಕೊಳ್ಳುವ ‘ಅಟ್ರಾಕ್’ ಎಂಬ ವಿಧಾನ ಇದನ್ನು ಸಾಧಿಸುತ್ತದೆ. ಎಂ.ಪಿ.3 ಬಳಕೆದಾರರಿಗೆ ಈ ತತ್ವ ಹೊಸದಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡೋಣ. ನಮಗೆ ಬೇಕಾದದ್ದು ಅದರ ಎರಡು ಅಳತೆಗಳು. ಅಟ್ರಾಕ್ ಧ್ವನಿಯನ್ನು 11.6 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 86 ತುಣುಕು. ಇಂಥ 176 ತುಣುಕುಗಳು ಸೇರಿ ಒಂದು ‘ಕ್ಲಸ್ಟರ್’. ಇದು ಡಿಸ್ಕಿನ ಮೇಲೆ ಒಂದೇ ಸಲಕ್ಕೆ ಬರೆಯುವ ಧ್ವನಿಯ ಕಂತೆ, ಸುಮಾರು 2.04 ಸೆಕೆಂಡಿನದು. 74 ನಿಮಿಷದ ಡಿಸ್ಕಿನಲ್ಲಿ ಇಂಥ ಎರಡು ಸಾವಿರಕ್ಕೂ ಹೆಚ್ಚು ಕಂತೆಗಳಿಗೆ ಜಾಗವಿದೆ. ಪ್ರತಿ ಜಾಗಕ್ಕೂ ಕಾರ್ಖಾನೆಯಲ್ಲೇ ಒಂದು ವಿಳಾಸವನ್ನು ಕೊರೆದಿರುತ್ತಾರೆ. ಅದು ಅಳಿಯುವುದೂ ಇಲ್ಲ, ಬದಲಾಗುವುದೂ ಇಲ್ಲ.

ಎಂಟು ಬೈಟಿನ ಮನೆಗಳು

ಡಿಸ್ಕಿನ ಒಳ ಅಂಚಿನ ಬಳಿ ಬಳಕೆದಾರನ ಪರಿವಿಡಿಗೆಂದು ಮೀಸಲಾದ ಜಾಗವಿದೆ. ಅದರಲ್ಲಿ ಮೊದಲಿಗೆ ಒಂದು ಪಟ್ಟಿ: 1ನೆಯ ಟ್ರ್ಯಾಕ್ ಯಾವ ಮನೆಯಲ್ಲಿ ನೋಡಬೇಕು, 2ನೆಯದು ಯಾವ ಮನೆಯಲ್ಲಿ, ಹೀಗೆ. ಅದರ ಕೆಳಗೆ 255 ಮನೆಗಳು. ಪ್ರತಿ ಮನೆಯಲ್ಲೂ 8 ಬೈಟುಗಳು. ಅವುಗಳಲ್ಲಿ 3 ಬೈಟು ಆರಂಭದ ವಿಳಾಸಕ್ಕೆ, 3 ಬೈಟು ಕೊನೆಯ ವಿಳಾಸಕ್ಕೆ, 1 ಬೈಟು ಮುದ್ರಣದ ಬಗೆಗೆ (ಸ್ಟೀರಿಯೋ ಅಥವಾ ಮಾನೋ, ರಕ್ಷಣೆ ಇದೆಯೇ ಇಲ್ಲವೇ ಇತ್ಯಾದಿ). ಉಳಿದ 1 ಬೈಟು ಕೊಂಡಿ. ‘ಈ ಟ್ರ್ಯಾಕಿನ ಮುಂದಿನ ಭಾಗ ಇಂಥ ಮನೆಯಲ್ಲಿದೆ’ ಎಂದು ತೋರಿಸುವುದು ಅದರ ಕೆಲಸ. ಅಲ್ಲಿ ಸೊನ್ನೆ ಇದ್ದರೆ ಮುಂದೆ ಭಾಗವಿಲ್ಲ ಎಂದರ್ಥ.

ಮನೆಗಳು 255 ಏಕೆ, 300 ಏಕಲ್ಲ? ಕೊಂಡಿಗೆ ಇರುವುದು ಒಂದೇ ಬೈಟು, ಅಂದರೆ 8 ಬಿಟ್. 8 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 255. ದ್ವಿಮಾನ ಪದ್ಧತಿಯ ಪಾಠದಲ್ಲಿ ಲೆಕ್ಕ ಹಾಕಿ ಮರೆತುಬಿಡುವ ಸಂಖ್ಯೆ ಇಲ್ಲಿ ಒಂದು ಡಿಸ್ಕಿನಲ್ಲಿ ಎಷ್ಟು ಹಾಡಿರಬಹುದು ಎಂಬುದಕ್ಕೇ ಗಡಿಯಾಗುತ್ತದೆ. ಯಂತ್ರಗಳ ಕೈಪಿಡಿಗಳು ಹೇಳುವ ಮಿತಿ 254 ಟ್ರ್ಯಾಕ್.

ನಮ್ಮ ವಾರ್ಷಿಕೋತ್ಸವವನ್ನೇ ಡಿಸ್ಕಿಗೆ ಏರಿಸೋಣ. ಲೆಕ್ಕ ಸುಲಭವಾಗಲೆಂದು ಧ್ವನಿಗೆ ಮೀಸಲಾದ ಕ್ಲಸ್ಟರ್‌ಗಳನ್ನು 1ರಿಂದ 2170ರವರೆಗೆ ಎಣಿಸೋಣ. ಪ್ರಾರ್ಥನೆ 1ರಿಂದ 150ರವರೆಗೆ (ಸುಮಾರು 5 ನಿಮಿಷ), ಸ್ವಾಗತ ಭಾಷಣ 151–300, ಅಧ್ಯಕ್ಷರ ಭಾಷಣ 301–900 (20 ನಿಮಿಷಕ್ಕೂ ಸ್ವಲ್ಪ ಹೆಚ್ಚು), ನಾಟಕ 901–1800 (ಅರ್ಧ ಗಂಟೆ). ಉಳಿದ 1801–2170 ಖಾಲಿ. ಈ ಖಾಲಿ ಜಾಗಕ್ಕೂ ಪರಿವಿಡಿಯಲ್ಲಿ ಒಂದು ಮನೆ ಇದೆ. ‘ಏನೂ ಇಲ್ಲ’ ಎಂಬುದನ್ನೂ ಎಲ್ಲಿ ಇಲ್ಲ ಎಂದು ಬರೆದಿಡಬೇಕು!

ಈಗ ನಾಟಕವನ್ನು ಮೊದಲಿಗೆ ತರುತ್ತೀರಿ. ಮನೆಗಳಲ್ಲಿ ಏನೂ ಬದಲಾಗುವುದಿಲ್ಲ. ಮೇಲಿನ ಪಟ್ಟಿಯಲ್ಲಿ 1ನೆಯ ಟ್ರ್ಯಾಕಿನ ಎದುರು ನಾಟಕದ ಮನೆಯ ಸಂಖ್ಯೆ ಬರುತ್ತದೆ, ಮಿಕ್ಕವು ಒಂದೊಂದು ಸ್ಥಾನ ಕೆಳಗಿಳಿಯುತ್ತವೆ. ಬದಲಾದದ್ದು 4 ಬೈಟು. ಅರ್ಧ ಗಂಟೆಯ ನಾಟಕ ಆರು ಕೋಟಿ ಬೈಟಿಗೂ ಮಿಗಿಲು ಎಂಬುದನ್ನು ನೆನೆದರೆ ಈ ಮಿತವ್ಯಯದ ಬೆಲೆ ತಿಳಿಯುತ್ತದೆ.

ಅಧ್ಯಕ್ಷರು ಮೊದಲ 12 ನಿಮಿಷ ಶಾಲೆಯ ಚರಿತ್ರೆ ಹೇಳಿ, ಬಳಿಕ ವಂದನೆಗಳನ್ನು ಲಂಬಿಸಿದ್ದಾರೆ ಎನ್ನಿ. ಚರಿತ್ರೆ ಬೇಕು, ವಂದನೆ ಬೇಡ. ಆಗ ‘ವಿಭಜಿಸು’ ಎಂಬ ಆಜ್ಞೆ. 301–900 ಇದ್ದ ಮನೆ 301–652 ಆಗುತ್ತದೆ. ಹೊಸದೊಂದು ಮನೆ ತೆರೆದು 653–900 ಎಂದು ಬರೆಯಲಾಗುತ್ತದೆ. ವಿಳಾಸದ 3 ಬೈಟುಗಳಲ್ಲಿ ಕ್ಲಸ್ಟರಿನ ಸಂಖ್ಯೆಯಷ್ಟೇ ಅಲ್ಲ, ಅದರೊಳಗಿನ ತುಣುಕಿನ ಸ್ಥಾನವೂ ಸೇರಿದೆ. ಹಾಗಾಗಿ ಕತ್ತರಿಯನ್ನು ಸೆಕೆಂಡಿನ 86ನೆಯ ಒಂದು ಭಾಗದಷ್ಟು ನಿಖರವಾಗಿ ಇಡಬಹುದು. ಮನೆಯಲ್ಲಿಡುವ ದೊಡ್ಡ ಯಂತ್ರಗಳಲ್ಲಿ ಕತ್ತರಿಸುವ ಮುನ್ನ ಆ ಜಾಗವನ್ನು ಮತ್ತೆ ಮತ್ತೆ ನುಡಿಸಿ ತೋರಿಸುವ ‘ತಾಲೀಮು’ ಸೌಕರ್ಯವೂ ಇತ್ತು. ಎರಡು ಪದಗಳ ನಡುವಿನ ಉಸಿರಿನಲ್ಲಿ ಕತ್ತರಿ ಹಾಕಲು ಇದರಿಂದ ಸಾಧ್ಯ.

‘ಜೋಡಿಸು’ ಎಂಬುದು ಇದರ ವಿಲೋಮ. ಪ್ರಾರ್ಥನೆ ಮತ್ತು ನಾಟಕ ಒಂದೇ ಟ್ರ್ಯಾಕ್ ಆಗಬೇಕೆಂದರೆ ಪ್ರಾರ್ಥನೆಯ ಮನೆಯ ಕೊಂಡಿಯಲ್ಲಿ ನಾಟಕದ ಮನೆಯ ಸಂಖ್ಯೆ ಬರೆದರೆ ಸಾಕು. ಜೋಡಿಸುವ ಮುನ್ನ ಎರಡೂ ಪಟ್ಟಿಯಲ್ಲಿ ಅಕ್ಕಪಕ್ಕ ಇರಬೇಕು. ಇಲ್ಲವಾದರೆ ಮೊದಲು ಸರಿಸಿಕೊಳ್ಳಬೇಕು. ಸ್ಟೀರಿಯೋ ಟ್ರ್ಯಾಕಿಗೆ ಮಾನೋ ಟ್ರ್ಯಾಕ್ ಜೋಡಿಸಲು ಯಂತ್ರ ಒಪ್ಪುವುದಿಲ್ಲ. ಟ್ರ್ಯಾಕ್ ಎಂದರೆ ಒಂದೇ ಬಗೆಯ ಧ್ವನಿ ಎಂಬ ಕಟ್ಟಳೆ ಇದ್ದುದರಿಂದ ಹೀಗೆ.

ತಟ್ಟೆಯ ಒಂದು ತುದಿಯಲ್ಲಿ 150ನೆಯ ಕ್ಲಸ್ಟರ್ ಮುಗಿಸಿ 901ಕ್ಕೆ ಲೇಸರ್ ಹಾರಬೇಕಲ್ಲ, ನಡುವೆ ಧ್ವನಿ ಕಡಿಯುವುದಿಲ್ಲವೇ? ಕಡಿಯುವುದಿಲ್ಲ. ಡಿಸ್ಕಿನಿಂದ ದತ್ತಾಂಶ ಬರುವ ವೇಗ, ಅಟ್ರಾಕ್‌ಗೆ ಬೇಕಾದ ವೇಗದ ಐದರಷ್ಟಿದೆ. ಆದ್ದರಿಂದ ಯಂತ್ರ ಸ್ವಲ್ಪ ಹೊತ್ತು ಓದಿ, ಓದಿದ್ದನ್ನು ಮೆಮೊರಿ ಚಿಪ್ಪಿನಲ್ಲಿ ತುಂಬಿಕೊಂಡು, ಉಳಿದ ಹೊತ್ತು ಸುಮ್ಮನಿರುತ್ತದೆ. ಮೊದಲ ತಲೆಮಾರಿನ ಯಂತ್ರಗಳಲ್ಲೂ 10 ಸೆಕೆಂಡಿನಷ್ಟು ಧ್ವನಿ ಹೀಗೆ ಕೈಯಲ್ಲಿ ಉಳಿದಿರುತ್ತಿತ್ತು. ಊರಿಗೆಲ್ಲ ಒಂದೇ ಸಮನೆ ನೀರು ಬಿಡಲು ಮೇಲ್ತೊಟ್ಟಿ ಕಟ್ಟಿದಂತೆ. ನಡೆಯುವಾಗ, ಬಸ್ಸಿನ ಕುಲುಕಾಟದಲ್ಲಿ ಹಾಡು ನಿಲ್ಲದಿರಲೆಂದು ಇಟ್ಟ ತೊಟ್ಟಿ ಇದು. ಅದೇ ತೊಟ್ಟಿ ಚದುರಿದ ತುಂಡುಗಳನ್ನು ಒಂದಾಗಿ ಕೇಳಿಸುವುದಕ್ಕೂ ಒದಗಿತು.

ಅಳಿಸಿದ್ದು ಅಳಿಯಿತೇ?

ಸ್ವಾಗತ ಭಾಷಣವನ್ನು ಅಳಿಸಿ ನೋಡೋಣ. 151–300ರ ಮನೆ ಟ್ರ್ಯಾಕುಗಳ ಪಟ್ಟಿಯಿಂದ ಹೊರಬಿದ್ದು ಖಾಲಿ ಜಾಗದ ಸರಪಳಿಗೆ ಸೇರುತ್ತದೆ. ಈಗ ಖಾಲಿ ಜಾಗ ಎಂದರೆ 151–300, ಅಲ್ಲಿಂದ ಕೊಂಡಿ ಹಿಡಿದು 1801–2170. ಮುಂದೆ 10 ನಿಮಿಷದ ಒಂದು ಗೀತೆಯನ್ನು ಮುದ್ರಿಸಿದರೆ ಅದಕ್ಕೆ ಸುಮಾರು 294 ಕ್ಲಸ್ಟರ್ ಬೇಕು. ಮೊದಲ 150 ಹಳೆಯ ಭಾಷಣದ ಜಾಗದಲ್ಲಿ ಕೂರುತ್ತವೆ, ಉಳಿದ 144 ಹಾರಿಹೋಗಿ 1801–1944ರಲ್ಲಿ. ಬಳಕೆದಾರನಿಗೆ ಕಾಣುವುದು ಒಂದೇ ಟ್ರ್ಯಾಕ್. ಪರಿವಿಡಿಗೆ ಅದು ಎರಡು ಮನೆ.

ಇದನ್ನು ನೂರಾರು ಸಲ ಮಾಡಿದರೆ ಡಿಸ್ಕ್ ಚೂರುಚೂರಾಗುತ್ತದೆ. ಹಳೆಯ ಬಳಕೆದಾರರನ್ನು ತಬ್ಬಿಬ್ಬುಗೊಳಿಸಿದ ಒಂದು ವಿಚಿತ್ರ ಇಲ್ಲಿಂದ ಹುಟ್ಟಿದ್ದು. ಸಣ್ಣ ಸಣ್ಣ ಟ್ರ್ಯಾಕುಗಳನ್ನು ಎಷ್ಟು ಅಳಿಸಿದರೂ ‘ಉಳಿದ ಸಮಯ’ ಹೆಚ್ಚುವುದೇ ಇಲ್ಲ! ಸ್ಟೀರಿಯೋ ಮುದ್ರಣದಲ್ಲಿ 12 ಸೆಕೆಂಡಿಗಿಂತ ಚಿಕ್ಕ ಖಾಲಿ ಚೂರುಗಳನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟು ಚಿಕ್ಕ ಚೂರುಗಳಿಗೆ ಹಾರುತ್ತ ಹೋದರೆ ಮೇಲ್ತೊಟ್ಟಿ ಬರಿದಾಗುವ ಭಯ. ಮನೆಗಳು ಮುಗಿದುಹೋದರೂ ಅಷ್ಟೇ: ಡಿಸ್ಕಿನಲ್ಲಿ ಜಾಗವಿದ್ದರೂ ‘ತುಂಬಿದೆ’ ಎಂದು ಯಂತ್ರ ಕೈಚೆಲ್ಲುತ್ತದೆ. ಯಂತ್ರ ಕೆಟ್ಟಿತೆಂದು ದುರಸ್ತಿಗೆ ಒಯ್ಯುವ ಮುನ್ನ ಈ ಅಂಕಗಣಿತ ಗೊತ್ತಿದ್ದರೆ ಒಳ್ಳೆಯದು.

ಸ್ವಾಗತ ಭಾಷಣ ಅಳಿಸಿದ ಮೇಲೆ, ಗೀತೆ ಮುದ್ರಿಸುವ ಮುನ್ನ, 151–300ರಲ್ಲಿ ಏನಿತ್ತು? ಭಾಷಣವೇ ಇತ್ತು, ಒಂದು ಅಕ್ಷರವೂ ಕೆಡದೆ. ‘ಎಲ್ಲ ಅಳಿಸು’ ಎಂದರೂ ಹಾಗೆಯೇ. ಪರಿವಿಡಿ ಮಾತ್ರ ಖಾಲಿಯಾಗುತ್ತದೆ. ಕಣ್ತಪ್ಪಿನಿಂದ ಅಳಿಸಿದ ಡಿಸ್ಕನ್ನು ಹವ್ಯಾಸಿಗಳು ಉಳಿಸಿಕೊಳ್ಳುತ್ತಿದ್ದ ಉಪಾಯವೂ ಇದನ್ನೇ ನಂಬಿದ್ದು. ಇನ್ನೊಂದು ಡಿಸ್ಕಿನಲ್ಲಿ ಆದಿಯಿಂದ ಅಂತ್ಯದವರೆಗೆ ಏನಾದರೊಂದು ಮುದ್ರಿಸಿ ‘ಒಂದೇ ಟ್ರ್ಯಾಕ್, ಇಡೀ ಡಿಸ್ಕ್’ ಎಂಬ ಪರಿವಿಡಿ ತಯಾರಿಸುವುದು. ಮುಚ್ಚಳ ತೆರೆದದ್ದು ಯಂತ್ರಕ್ಕೆ ತಿಳಿಯದಂತೆ ಮಾಡಿ ಡಿಸ್ಕ್ ಬದಲಿಸುವುದು. ಮೆಮೊರಿಯಲ್ಲಿರುವ ಆ ಪರಿವಿಡಿಯನ್ನು ಅಳಿಸಿದ ಡಿಸ್ಕಿನ ಮೇಲೆ ಬರೆಸುವುದು. ಧ್ವನಿ ಮತ್ತೆ ಕೇಳುತ್ತದೆ, ಆದರೆ ಟ್ರ್ಯಾಕುಗಳ ಗಡಿಯಿಲ್ಲದೆ, ಮುದ್ರಣವಾದ ಜಾಗದ ಕ್ರಮದಲ್ಲಿ. ಪರಿವಿಡಿ ಹರಿದುಹೋದ ಪುಸ್ತಕವನ್ನು ಮೊದಲ ಪುಟದಿಂದ ಓದಿದಂತೆ.

ಇದಕ್ಕೆ ತಿರುವುಮುರುವಾದ ಅಪಾಯ ಇನ್ನೂ ಕಠೋರ. ಮುದ್ರಿಸುವಾಗ ಧ್ವನಿ ಡಿಸ್ಕಿಗೆ ಕೂಡಲೇ ಹೋಗುತ್ತದೆ. ಪರಿವಿಡಿಯ ಬದಲಾವಣೆ ಮಾತ್ರ ಯಂತ್ರದ ಮೆಮೊರಿಯಲ್ಲಿ ಉಳಿದಿದ್ದು, ಮುದ್ರಣ ನಿಲ್ಲಿಸಿದ ಮೇಲೋ ಡಿಸ್ಕ್ ಹೊರತೆಗೆಯುವಾಗಲೋ ಬರೆಯಲ್ಪಡುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಒಂದು ಸೂಚನೆ ಮಿಟುಕುತ್ತಿರುತ್ತದೆ. ಅಷ್ಟರೊಳಗೆ ಬ್ಯಾಟರಿ ಕಳಚಿದರೆ ಅಥವಾ ಕರೆಂಟು ಹೋದರೆ ಒಂದು ಗಂಟೆಯ ಸಂದರ್ಶನ ಡಿಸ್ಕಿನ ಮೇಲೆ ಪೂರ್ತಿಯಾಗಿ ಇದ್ದೂ ಇಲ್ಲವಾಗುತ್ತದೆ. ಯಂತ್ರ ಪರಿವಿಡಿಯನ್ನು ನೋಡಿ ‘ಖಾಲಿ ಡಿಸ್ಕ್’ ಎನ್ನುತ್ತದೆ. ಅದನ್ನು ನಂಬಿ ಮತ್ತೆ ಮುದ್ರಿಸಿದರೆ ಆಗ ನಿಜಕ್ಕೂ ಹೋಗುತ್ತದೆ. ಹೊರಾಂಗಣದಲ್ಲಿ ಧ್ವನಿ ಸಂಗ್ರಹಿಸುವವರಿಗೆ ಹಿರಿಯರು ಹೇಳುತ್ತಿದ್ದ ಮೊದಲ ಬುದ್ಧಿಮಾತು ಇದೇ: ಆ ಮಿಟುಕು ನಿಲ್ಲುವವರೆಗೆ ಯಂತ್ರವನ್ನು ಅಲುಗಿಸಬೇಡಿ.

ಹೆಸರು, ಗುಂಪು ಮತ್ತು ಒಂದು ಜಾಣ ಉಪಾಯ

ಟ್ರ್ಯಾಕಿನ ಹೆಸರುಗಳಿಗೆ ಪರಿವಿಡಿಯಲ್ಲಿ ಬೇರೆ ಭಾಗವಿದೆ. ಅಲ್ಲೂ 8 ಬೈಟಿನ ಮನೆಗಳೇ. ಏಳು ಅಕ್ಷರ, ಒಂದು ಕೊಂಡಿ. ಹೆಸರು ಉದ್ದವಾದರೆ ಸರಪಳಿ ಬೆಳೆಯುತ್ತದೆ. ಇಡೀ ಡಿಸ್ಕಿಗೆ ಒಟ್ಟು ಸುಮಾರು 1,700 ಅಕ್ಷರ. ರೋಮನ್ ಲಿಪಿಗೂ ಜಪಾನೀ ಲಿಪಿಗೂ ಅವಕಾಶವಿತ್ತೇ ಹೊರತು ಕನ್ನಡಕ್ಕಿರಲಿಲ್ಲ. ಗುಂಡಿ ತಿರುಗಿಸಿ ಒಂದೊಂದೇ ಅಕ್ಷರ ಆರಿಸಬೇಕಾದ್ದರಿಂದ ಹೆಸರು ಬರೆಯುವುದೆಂದರೆ ತಾಳ್ಮೆಯ ಪರೀಕ್ಷೆ. ಬಹಳ ಜನ ಡಿಸ್ಕಿನ ಕವಚದ ಮೇಲೆ ಪೆನ್ನಿನಿಂದ ಬರೆದು ಕೈತೊಳೆದುಕೊಂಡರು. ಇಂದು ಹಲವು ಡಿಸ್ಕುಗಳಿಗೆ ಆ ಕೈಬರಹವೇ ಏಕೈಕ ದಾಖಲೆ.

2000ದಲ್ಲಿ ಇನ್ನೂ ಹೆಚ್ಚು ಕುಗ್ಗಿಸುವ ವಿಧಾನ ಬಂತು. 80 ನಿಮಿಷದ ಡಿಸ್ಕಿನಲ್ಲಿ 160 ಅಥವಾ 320 ನಿಮಿಷ ಹಿಡಿಸತೊಡಗಿದ ಮೇಲೆ ಒಂದೇ ಡಿಸ್ಕಿಗೆ ನಾಲ್ಕೈದು ಸಿ.ಡಿ.ಗಳ ಹಾಡು ಸೇರಿ, ಅವನ್ನು ಗುಂಪುಗೂಡಿಸುವ ಅಗತ್ಯ ತಲೆದೋರಿತು. ಆದರೆ 1992ರ ಪರಿವಿಡಿಯಲ್ಲಿ ಗುಂಪಿಗೆ ಜಾಗವೇ ಇಲ್ಲ. ಹೊಸ ಭಾಗ ಸೇರಿಸಿದರೆ ಹಳೆಯ ಯಂತ್ರಗಳು ಗೊಂದಲಕ್ಕೀಡಾಗುತ್ತವೆ. ಆಗ ಎಂಜಿನಿಯರುಗಳು ಹೂಡಿದ ಉಪಾಯ ಸೊಗಸಾಗಿದೆ. ಗುಂಪಿನ ವಿವರವನ್ನು ಡಿಸ್ಕಿನ ಹೆಸರಿನೊಳಗೇ ಅಡಗಿಸಿದರು. ಸೊನ್ನೆ, ಅರ್ಧವಿರಾಮ, ಡಿಸ್ಕಿನ ಹೆಸರು, ಎರಡು ಓರೆಗೀಟು. ಆಮೇಲೆ 1-5, ಅರ್ಧವಿರಾಮ, ಗುಂಪಿನ ಹೆಸರು, ಮತ್ತೆ ಎರಡು ಓರೆಗೀಟು. ಹೀಗೆ ಒಂದೇ ಸಾಲು. ಹೊಸ ಯಂತ್ರ ಈ ಸಾಲನ್ನು ಬಿಡಿಸಿ ಗುಂಪುಗಳನ್ನು ತೋರಿಸುತ್ತದೆ. ಹಳೆಯ ಯಂತ್ರ ಇಡೀ ಸಾಲನ್ನು ಡಿಸ್ಕಿನ ಹೆಸರೆಂದೇ ತಿಳಿದು ಪರದೆಯ ಮೇಲೆ ಹರಿಸುತ್ತದೆ; ನೋಡಲು ವಿಕಾರ, ಆದರೆ ಹಾಡಿಗೆ ತೊಂದರೆಯಿಲ್ಲ. ಒಂದೇ ಎಚ್ಚರಿಕೆ: ಹಳೆಯ ಯಂತ್ರದಲ್ಲಿ ಟ್ರ್ಯಾಕ್ ಸರಿಸಿದರೆ ಅಥವಾ ಅಳಿಸಿದರೆ ಆ ಸಾಲಿನ ಸಂಖ್ಯೆಗಳು ಬದಲಾಗವು, ಗುಂಪುಗಳು ಕಲಸುಮೇಲೋಗರವಾಗುತ್ತವೆ.

ಗಣಕದ ನಂಟು, ಬೀಗದ ಕಾಟ

2001ರಲ್ಲಿ ‘ನೆಟ್ ಎಂ.ಡಿ.’ ಯಂತ್ರಗಳು ಯು.ಎಸ್.ಬಿ. ತಂತಿಯ ಮೂಲಕ ಗಣಕಕ್ಕೆ ಕೂಡಿಕೊಂಡವು. ಹಾಡುಗಳನ್ನು ಬೇಗನೆ ಡಿಸ್ಕಿಗೆ ಕಳಿಸುವುದು, ಹೆಸರುಗಳನ್ನು ಕೀಲಿಮಣೆಯಲ್ಲಿ ಬರೆಯುವುದು, ಕ್ರಮ ಬದಲಿಸುವುದು ಸುಲಭವಾಯಿತು. ಆದರೆ ದಾರಿ ಏಕಮುಖ. ಗಣಕದಿಂದ ಡಿಸ್ಕಿಗೆ ಕಳಿಸಬಹುದಿತ್ತು, ಡಿಸ್ಕಿನಿಂದ ಗಣಕಕ್ಕೆ ತರುವಂತಿರಲಿಲ್ಲ. ಒಂದು ಹಾಡಿನ ಪ್ರತಿಯನ್ನು ಮೂರು ಡಿಸ್ಕುಗಳಿಗೆ ಮಾತ್ರ ‘ಎರವಲು’ ಕೊಡಬಹುದು. ನಾಲ್ಕನೆಯದಕ್ಕೆ ಬೇಕಾದರೆ ಒಂದನ್ನು ಹಿಂದಿರುಗಿಸಬೇಕು. ಹಾಗೆ ಬಂದ ಟ್ರ್ಯಾಕನ್ನು ಯಂತ್ರದಲ್ಲಿ ಕತ್ತರಿಸುವಂತೆಯೂ ಇರಲಿಲ್ಲ. ಎಂಟು ಬೈಟುಗಳಲ್ಲಿ ಮುದ್ರಣದ ಬಗೆಯನ್ನು ಹೇಳುವ ಆ ಒಂದು ಬೈಟಿನಲ್ಲಿ ರಕ್ಷಣೆಯ ಬಿಟ್ ಬಿದ್ದಿರುತ್ತಿತ್ತು.

ಧ್ವನಿಮುದ್ರಿಕೆ ಕಂಪನಿಗಳ ಹಕ್ಕನ್ನು ಕಾಯುವ ಸಲುವಾಗಿ ಈ ಏರ್ಪಾಡು ಎಂಬುದೇನೋ ಸರಿ. ಆದರೆ ಅಜ್ಜಿಯ ಪದಗಳನ್ನೋ ಹಕ್ಕಿಯ ಕೂಗನ್ನೋ ಸ್ವಂತ ಮೈಕಿನಿಂದ ಮುದ್ರಿಸಿದವನಿಗೂ ಅದೇ ಬಾಗಿಲು ಮುಚ್ಚಿತ್ತು. ಅವನು ಇಯರ್‌ಫೋನ್ ರಂಧ್ರದಿಂದ ತಂತಿ ಎಳೆದು ಗಣಕದಲ್ಲಿ ಮತ್ತೆ ಮುದ್ರಿಸಬೇಕಿತ್ತು. ಒಂದು ಗಂಟೆಯ ಧ್ವನಿಗೆ ಒಂದು ಗಂಟೆ. ಬೆರಳ ತುದಿಯಷ್ಟು ಬೈಟುಗಳಲ್ಲಿ ಅರ್ಧ ಗಂಟೆಯ ನಾಟಕವನ್ನು ಸರಿಸಬಲ್ಲ ಯಂತ್ರಕ್ಕೆ ಇದು ತಕ್ಕ ಮರ್ಯಾದೆಯಲ್ಲ ಎಂದೇ ನನ್ನ ಅಭಿಪ್ರಾಯ.

2004ರಲ್ಲಿ ಬಂದ ‘ಹೈ-ಎಂ.ಡಿ.’ 1 ಗಿಗಾಬೈಟಿನ ಡಿಸ್ಕನ್ನು ತಂದಿತು. ಕುಗ್ಗಿಸದ ಧ್ವನಿಯನ್ನೇ 94 ನಿಮಿಷ ಮುದ್ರಿಸಬಹುದಾಯಿತು. ಹಳೆಯ ಪರಿವಿಡಿಯ ಬದಲು ಗಣಕಗಳಿಗೆ ಪರಿಚಿತವಾದ ಕಡತ ವ್ಯವಸ್ಥೆ ಬಂದಿತು. ಡಿಸ್ಕಿನಲ್ಲಿ ಪಾಠದ ಟಿಪ್ಪಣಿ, ಚಿತ್ರಗಳನ್ನೂ ಇಡಬಹುದಾಯಿತು. ಧ್ವನಿ ಮಾತ್ರ ಗೂಢಲಿಪಿಯಲ್ಲಿ ಒಂದೇ ದೊಡ್ಡ ಕಡತದೊಳಗೆ ಕೂತಿತು, ಅದರ ಪಟ್ಟಿ ಬೇರೆ ಕಡತಗಳಲ್ಲಿ. ಗಣಕದ ಕಿಟಕಿಯಲ್ಲಿ ಕಾಣುವ ಆ ಕಡತಗಳಲ್ಲಿ ಒಂದನ್ನು ಅಳಿಸಿದರೆ ಅಥವಾ ಹೆಸರು ಬದಲಿಸಿದರೆ ಇಡೀ ಡಿಸ್ಕಿನ ಧ್ವನಿ ಮೂಕವಾಗುತ್ತದೆ. ಸ್ವಂತ ಮುದ್ರಣವನ್ನು ಗಣಕಕ್ಕೆ ತರಲು ಅವಕಾಶ ಸಿಕ್ಕಿತಾದರೂ ಆರಂಭದಲ್ಲಿ ಒಂದೇ ಬಾರಿ ಎಂಬ ಷರತ್ತಿತ್ತು. ಮುಂದೆ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಅದು ಸಡಿಲವಾಯಿತು. 2006ರ ಎಂ.ಝಡ್-ಆರ್.ಎಚ್.1 ಎಂಬ ಯಂತ್ರ ಮಾತ್ರ, 1992ರಿಂದೀಚೆಗೆ ಯಾರು ಯಾವ ಯಂತ್ರದಲ್ಲಿ ಮುದ್ರಿಸಿದ ಡಿಸ್ಕಿನಿಂದಲೂ ಧ್ವನಿಯನ್ನು ಯು.ಎಸ್.ಬಿ. ಮೂಲಕ ಗಣಕಕ್ಕೆ ತರಬಲ್ಲದಾಗಿತ್ತು. ಹದಿನಾಲ್ಕು ವರ್ಷ ತಡವಾಗಿ ತೆರೆದ ಬಾಗಿಲು! ಅಷ್ಟರಲ್ಲಿ ಜನ ಎಂ.ಪಿ.3 ಸಾಧನಗಳ ಕಡೆಗೆ ಹೊರಟುಹೋಗಿದ್ದರು. ಸೋನಿ ತನ್ನ ಕೊನೆಯ ಮಿನಿಡಿಸ್ಕ್ ಯಂತ್ರಗಳ ಮಾರಾಟವನ್ನು 2013ರ ಮಾರ್ಚಿನಲ್ಲಿ ಮುಗಿಸಿತು. ಖಾಲಿ ಡಿಸ್ಕುಗಳ ತಯಾರಿಕೆ 2025ರ ಫೆಬ್ರವರಿಯಲ್ಲಿ ನಿಂತಿತು.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ಕಲಿಸಲು ಮಿನಿಡಿಸ್ಕ್ ಬೇಕೆಂದೇನೂ ಇಲ್ಲ. 20 ಪುಟಗಳ ಒಂದು ಖಾಲಿ ನೋಟ್‌ಬುಕ್ಕಿಗೆ ಪುಟಸಂಖ್ಯೆ ಹಾಕಿ. ಮೂರು ಚಿಕ್ಕ ಕಥೆಗಳನ್ನು ಪುಟಕ್ಕೆ ಎರಡೇ ವಾಕ್ಯದಂತೆ ಮಕ್ಕಳಿಂದ ಬರೆಸಿ, ತಲೆಬರಹ ಹಾಕಿಸಬೇಡಿ. ಕಪ್ಪು ಹಲಗೆಯ ಮೇಲೆ ಹತ್ತು ಮನೆಗಳ ಪರಿವಿಡಿ ಬರೆಯಿರಿ: ಆರಂಭದ ಪುಟ, ಕೊನೆಯ ಪುಟ, ಕೊಂಡಿ. ಈಗ ಎರಡನೆಯ ಕಥೆಯನ್ನು ‘ಅಳಿಸಲು’ ಹೇಳಿ. ಹಲಗೆಯ ಮೇಲೆ ಮಾತ್ರ, ನೋಟ್‌ಬುಕ್ಕನ್ನು ಮುಟ್ಟದೆ. ಅದಕ್ಕಿಂತ ಉದ್ದವಾದ ನಾಲ್ಕನೆಯ ಕಥೆಯನ್ನು ಖಾಲಿ ಎಂದು ತೋರುವ ಪುಟಗಳಲ್ಲಿ ಬರೆಸಿ. ಹಳೆಯ ಅಕ್ಷರಗಳ ಮೇಲೆ ಹೊಸ ಕಾಗದ ಅಂಟಿಸಿ ಬರೆಯಬೇಕಾದಾಗ ‘ಖಾಲಿ’ ಎಂಬ ಮಾತಿನ ಅರ್ಥ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಕೊನೆಗೆ ಹಲಗೆಯನ್ನು ಒರೆಸಿಬಿಟ್ಟು, ಹೊರಗಿದ್ದ ಒಬ್ಬ ವಿದ್ಯಾರ್ಥಿಯನ್ನು ಕರೆದು ನಾಲ್ಕನೆಯ ಕಥೆ ಓದಲು ಹೇಳಿ. ಅವನು ಪಡುವ ಪಾಡೇ ಪರಿವಿಡಿ ಕಳೆದುಕೊಂಡ ಯಂತ್ರದ ಪಾಡು.

ಮೊಬೈಲ್ ಅಥವಾ ಗಣಕದಲ್ಲಿ ಹಾಡುಗಳ ಪಟ್ಟಿ ಮಾಡುವವರು ಇನ್ನೊಂದನ್ನು ನೋಡಬಹುದು. ‘ಎಂ3ಯು’ ಎಂಬ ಬಗೆಯ ಪಟ್ಟಿಯ ಕಡತವನ್ನು ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಿ ತೆರೆಯಿರಿ. ಅದರಲ್ಲಿ ಧ್ವನಿಯೇ ಇಲ್ಲ, ಹಾಡಿನ ಕಡತಗಳ ಹೆಸರು ಮತ್ತು ವಿಳಾಸಗಳಷ್ಟೇ ಸಾಲಾಗಿವೆ. ಪಟ್ಟಿಯನ್ನು ಅಳಿಸಿದರೆ ಹಾಡಿಗೆ ಏನೂ ಆಗದು. ಆದರೆ ಹಾಡಿನ ಕಡತವನ್ನು ಬೇರೆ ಕಡೆ ಸರಿಸಿ ನೋಡಿ, ಪಟ್ಟಿ ಕುರುಡಾಗುತ್ತದೆ. ಪಟ್ಟಿಯನ್ನಷ್ಟೇ ಗೆಳೆಯನಿಗೆ ಕಳಿಸಿ ಹಾಡು ಕಳಿಸಿದೆನೆಂದುಕೊಳ್ಳುವ ತಪ್ಪೂ ಇದರಿಂದಲೇ. ಮಿನಿಡಿಸ್ಕಿನಲ್ಲಿ ವಿಳಾಸಗಳು ತಟ್ಟೆಯಲ್ಲೇ ಕೊರೆದಿದ್ದರಿಂದ ಈ ಬಗೆಯ ಕುರುಡು ಅದಕ್ಕಿರಲಿಲ್ಲ.

ಹಳೆಯ ಡಿಸ್ಕ್ ಕೈಗೆ ಸಿಕ್ಕರೆ

ಸಂಗೀತದ ಗುರುಗಳ, ಜಾನಪದ ಅಧ್ಯಯನ ಮಾಡಿದವರ, ವಿದೇಶದಿಂದ ಬಂದ ನೆಂಟರ ಪೆಟ್ಟಿಗೆಗಳಲ್ಲಿ ಇಂಥ ಡಿಸ್ಕುಗಳು ಸಿಗುವುದುಂಟು. ಸಿಕ್ಕರೆ ಮೊದಲು ಕವಚದ ಅಂಚಿನಲ್ಲಿರುವ ಪುಟ್ಟ ಜಾರುಗುಂಡಿಯನ್ನು ಸರಿಸಿ ರಂಧ್ರ ತೆರೆದುಕೊಳ್ಳುವಂತೆ ಮಾಡಿ. ಅದು ತೆರೆದಿದ್ದರೆ ಯಂತ್ರ ಡಿಸ್ಕಿನ ಮೇಲೆ ಏನನ್ನೂ ಬರೆಯದು. ಕವಚದ ಮೇಲಿನ ಕೈಬರಹವನ್ನು ಹಾಗೆಯೇ ನಕಲು ಮಾಡಿಕೊಳ್ಳಿ ಅಥವಾ ಚಿತ್ರ ತೆಗೆದಿಡಿ. ಯಂತ್ರವನ್ನು ಎರವಲು ತಂದಾದರೂ ಸರಿ, ಇಡೀ ಡಿಸ್ಕನ್ನು ಒಮ್ಮೆ ನುಡಿಸುತ್ತ ಅದೇ ಹೊತ್ತಿಗೆ ಗಣಕದಲ್ಲಿ ಕುಗ್ಗಿಸದ ‘ವೇವ್’ ಕಡತವಾಗಿ ಮುದ್ರಿಸಿಕೊಳ್ಳಿ. ಮನೆಯಲ್ಲಿಡುವ ದೊಡ್ಡ ಯಂತ್ರವಾದರೆ ಅದರ ಬೆಳಕಿನ ತಂತಿಯ ಹೊರದ್ವಾರದಿಂದ ಡಿಜಿಟಲ್ ರೂಪದಲ್ಲೇ ತರಬಹುದು. ನೆಟ್ ಎಂ.ಡಿ. ಯಂತ್ರವಿದ್ದರೆ ಈಗ ಇನ್ನೊಂದು ದಾರಿಯಿದೆ. ಹವ್ಯಾಸಿಗಳು ಬರೆದು ಉಚಿತವಾಗಿ ಕೊಟ್ಟಿರುವ ‘ವೆಬ್ ಮಿನಿಡಿಸ್ಕ್ ಪ್ರೊ’ ಎಂಬ ತಂತ್ರಾಂಶ, ಸೋನಿಯ ಹಲವು ನೆಟ್ ಎಂ.ಡಿ. ಯಂತ್ರಗಳಿಂದ, ತಯಾರಕರು ಮುಚ್ಚಿದ್ದ ದಾರಿಯನ್ನೇ ತೆರೆದು ಮೂಲ ಅಟ್ರಾಕ್ ದತ್ತಾಂಶವನ್ನು ಗಣಕಕ್ಕೆ ತರುತ್ತದೆ. ಪಟ್ಟಿ, ಹೆಸರು, ಗುಂಪುಗಳೂ ಜೊತೆಗೆ ಬರುತ್ತವೆ.

‘ಖಾಲಿ ಡಿಸ್ಕ್’ ಎಂದು ಯಂತ್ರ ಹೇಳಿದರೂ ಕವಚದ ಮೇಲೆ ಹೆಸರು, ತಾರೀಖು ಬರೆದಿದ್ದರೆ ಅದನ್ನು ಎಸೆಯಬೇಡಿ, ಅದರ ಮೇಲೆ ಮುದ್ರಿಸಲೂ ಬೇಡಿ. ಬೇರೆಯಾಗಿ ಎತ್ತಿಡಿ.